ಲಗೇಜು, ಒಂದು

ಬೊಳಕ ಅದನ್ನು ತಂದದ್ದು ಕಾಫಿ ಚೀಲದಲ್ಲಿ,
ಬಾಯಿಗೆ ಬಳ್ಳಿ ಸುತ್ತಿ, ಮಡಿಲಲ್ಲಿಟ್ಟುಕೊಂಡು,
ಬೆಕ್ಕೆಸೊಡ್ಲೂರಿನಿಂದ ಪೊನ್ನಂಪೇಟೆಗೆ ಮೊದಲ ಬಸ್ಸಿನಲ್ಲಿ.
ಕಂಡಕ್ಟರು ಬಿಡಲಿಲ್ಲ. ಲಗೇಜು ಅಂತ ಟಿಕೆಟ್ಟು ಹರಿದ.
ಅದನ್ನೂ ನನ್ನ ಮೇಜಿನ ಮೇಲಿಟ್ಟ,
ದುಡ್ಡು ವಾಪಸು ಕೊಡುವವಳು ನಾನೇ ಎಂಬಂತೆ.

ಹಾವುಗಿಡುಗ. ಎದೆಯೆಲುಬು ಪೀಚೆಕತ್ತಿಯ ಬೆನ್ನು.
ರೆಕ್ಕೆ ಮುರಿದಿಲ್ಲ, ಗುಂಡು ತಾಗಿಲ್ಲ.
ಹಳದಿ ಕಣ್ಣು ಮಾತ್ರ ನನ್ನನ್ನು ದಾಟಿ
ಗೋಡೆಯ ಕ್ಯಾಲೆಂಡರಿನಲ್ಲಿ ಏನನ್ನೋ ಹುಡುಕುತ್ತಿತ್ತು.
"ಹಿಕ್ಕೆ ನೋಡು," ಅಂದರು ಬೋಜಮ್ಮ ಡಾಕ್ಟರು,
"ಕೋಳಿಗೆ ನೋಡಿದ ಹಾಗೆಯೇ."

ಕೋಳಿಯದ್ದು ನನಗೆ ಗೊತ್ತು. ರಕ್ತಭೇದಿ ಹಿಡಿದ ಮರಿಗಳು
ಮೂಲೆಯಲ್ಲಿ ಗರಿ ಕೆದರಿ, ಗುಂಪಾಗಿ ಕೂರುತ್ತವೆ;
ಬೆಳಗಾದರೆ ಗೋಣಿಯ ಲೆಕ್ಕ.
ಬಿಸಿಲೇರಿದ ಮೇಲೆ ಆಕಾಶದಲ್ಲಿ ಸುತ್ತುವುದಕ್ಕೂ
ಅದರ ದಾಯಾದಿ ಉಂಟೆಂದು ನಾನು ಎಣಿಸಿರಲಿಲ್ಲ.

ಸಕ್ಕರೆ ಪಾಕದಲ್ಲಿ ಹಿಕ್ಕೆ ಕದಡಿ, ಸೋಸಿ,
ಮೇಲೊಂದು ತೆಳುಗಾಜು ಮುಚ್ಚಿ ಕಾದೆ.
ಭಾರದ್ದು ತಳಕ್ಕೆ, ಹಗುರಾದದ್ದು ಮೇಲಕ್ಕೆ.
ಹತ್ತು ನಿಮಿಷ. ಅಷ್ಟರಲ್ಲಿ ಕರೆಂಟು ಹೋಯಿತು.
ಹಳೆಯ ಸೂಕ್ಷ್ಮದರ್ಶಕವನ್ನು ಕಿಟಕಿಗೆ ಒಯ್ದು
ಕನ್ನಡಿ ತಿರುಗಿಸಿದೆ. ಕೊಳವೆಗೆ ಬಿಸಿಲು ಇಳಿಯಿತು,
ಬಿಸಿಲಿನಲ್ಲಿ ಅವು:
ದುಂಡಗೆ, ಎರಡು ಗೆರೆಯ ಅಂಚು, ಒಳಗೆ ಚಿಟಿಕೆ ಮರಳು.

ಮರಳು ಏನಾಗುತ್ತದೆಂದು ಅವತ್ತೇ ತಿಳಿಯದು.
ಡೈಕ್ರೋಮೇಟಿನಲ್ಲಿ ಹಾಕಿ, ಗಾಳಿಯಾಡಲು ಬಿಟ್ಟು
ಮೂರು ದಿನ ಕಾಯಬೇಕು. ತಟ್ಟೆ ತುಂಬ ಕಿತ್ತಳೆ ಬಣ್ಣ.
ಕೊಡಗಿನ ಕಿತ್ತಳೆಯನ್ನು
ನಾನೀಗ ಹೆಚ್ಚಾಗಿ ನೋಡುವುದು ಇಲ್ಲೇ.

ಮೂರು ದಿನವೂ ಬೊಳಕ ಬಂದ. ಕಾಫಿ ಕೊಯ್ಲಿನ ಹೊತ್ತು,
ತೋಟದ ರೈಟರು ಹಾಜರಿ ಹಾಕುವುದಿಲ್ಲ ಎಂದಿದ್ದಾನಂತೆ,
ಒಂದು ಚೀಟಿ ಬೇಕು.
ನಾನು ಫಾರಂ ತುಂಬಿಸುತ್ತಿದ್ದೆ:
ಪ್ರಾಣಿ, ವಯಸ್ಸು, ಮಾಲೀಕರ ಹೆಸರು.
ಬೇರೇನೂ ತೋಚದೆ ಅವನದ್ದೇ ಬರೆದೆ.
ಅವನಿಗೆ ಓದಲು ಬರುವ ಪದ ಅದೊಂದೇ.
ಅದರ ಮೇಲೆ ಬೆರಳಿಟ್ಟು, ಮೆಲ್ಲಗೆ ಹಿಂದಕ್ಕೆ ಸರಿಸಿ,
ಅಚ್ಚಾದದ್ದು ಏನೆಂದು ಕೇಳಿದ. ಹೇಳಿದೆ.
ಅವನು ನಕ್ಕ ಸದ್ದಿಗೆ ಪಂಜರದಲ್ಲಿ ಗರಿ ಕೊಡವಿತು.
ಸಂಜೆ ಡಾಕ್ಟರು ಅದನ್ನು ಹೊಡೆದುಹಾಕಿ
ಅರಣ್ಯ ಇಲಾಖೆ ಎಂದು ತಿದ್ದಿದರು. ಕಾನೂನು.

ನಾಲ್ಕನೆಯ ದಿನ ಮರಳು ಕೂಡಿಕೊಂಡಿತ್ತು.
ಒಂದೇ ಚೀಲ. ಚೀಲದೊಳಗೆ ಎಂಟು,
ಬಾಳೆಕಾಯಿಯಂತೆ ಬಾಗಿ, ಒಂದಕ್ಕೊಂದು ಬೆನ್ನು ಕೊಟ್ಟು.
ಎಣಿಸಿದೆ. ಮತ್ತೆ ಎಣಿಸಿದೆ.
ಆದರೆ ಯಾರದು? ಗಿಡುಗನ ಕರುಳಿನದೋ,
ಗಿಡುಗ ನುಂಗಿದ ಹಾವಿನದೋ,
ಹಾದುಹೋಗುವಾಗ ಸಿಕ್ಕಿಬಿದ್ದ
ಬೇರೆ ಮನೆಯ ನೆಂಟರೋ?
ಪುಸ್ತಕ ಆತಿಥೇಯ ಎನ್ನುತ್ತದೆ, ಮರ್ಯಾದೆಯಿಂದ.
ತಿಥಿ ಹೇಳದೆ ಬರುವವನು ಅತಿಥಿ, ಸರಿ.
ಬಂದದ್ದೇ ತಿಳಿಯದ ಮನೆಯವನಿಗೆ
ಅಷ್ಟು ದೊಡ್ಡ ಹೆಸರು ಯಾಕೆ?

ಮೈಸೂರಿನಿಂದ ಉತ್ತರ ಬಂದದ್ದು ಹದಿನೆಂಟು ದಿನಕ್ಕೆ:
ಖಚಿತವಿಲ್ಲ, ಇನ್ನೊಮ್ಮೆ ಮಾದರಿ ಕಳಿಸಿ.
ಅಷ್ಟರಲ್ಲಿ ಕೋಳಿಮರಿಯ ಔಷಧಿ ಕುಡಿದು,
ನಮ್ಮ ಸ್ಟೋರಿನ ಇಲಿಗಳನ್ನು ಮುಗಿಸಿ,
ಅದು ಗದ್ದೆಬಯಲಿನಾಚೆ ಹೋಗಿಯಾಗಿತ್ತು.
ಮಾದರಿ ಈಗ ಯಾರ ಕಾಫಿ ಗಿಡದ ಮೇಲೆ
ಬೀಳುತ್ತಿದೆಯೋ.

ಚೀಟಿಯಲ್ಲಿ ಬರೆದುಕೊಟ್ಟಿದ್ದೆ:
ಈತ ಮೂರು ದಿನ ಆಸ್ಪತ್ರೆಯಲ್ಲಿದ್ದ, ಹಕ್ಕಿಯ ಕಡೆಯವನಾಗಿ.
ರೈಟರು ಒಪ್ಪಿದನೋ ಇಲ್ಲವೋ, ಬೊಳಕ ಮತ್ತೆ ಬರಲಿಲ್ಲ.

ರಿಜಿಸ್ಟರಿನ ಆ ಪುಟದಲ್ಲಿ ಟಿಕೆಟ್ಟು ಇನ್ನೂ ಉಂಟು.
ಶಾಯಿ ಮಾಸಿದೆ. ಲಗೇಜು, ಒಂದು.
ಮಡಿಲಲ್ಲಿ ಚೀಲ, ಚೀಲದಲ್ಲಿ ಗಿಡುಗ,
ಗಿಡುಗನಲ್ಲಿ ಹಾವಿನ ಕೊನೆಯ ತುಣುಕು,
ಎಲ್ಲೋ ಅಲ್ಲಿ ಇನ್ನೊಂದು ಚೀಲ.
ಆ ಎಂಟಕ್ಕೆ ಕಂಡಕ್ಟರು
ಏನೂ ಕೇಳಲಿಲ್ಲ.